ಜೋಳದ ಕಣದಲ್ಲಿ ನಾನು ನುಡಿದ ಕಾರ್ಣಿಕ

ಭವಿಷ್ಯ, ಶಕುನ, ಕಾರ್ಣಿಕ ಇವನ್ನೆಲ್ಲ ನಾನು ನಂಬಿದವನಲ್ಲ. ಇವತ್ತಿಗೂ ನಂಬುತ್ತೇನೆ ಎಂದು ಎದೆ ತಟ್ಟಿ ಹೇಳಲಾರೆ. ಆದರೆ ನನ್ನ ಬಾಯಿಂದಲೇ ಬಂದ ಒಂದು ಮಾತಿನ ಲೆಕ್ಕ ಇನ್ನೂ ಹತ್ತಿಲ್ಲ. ಅದನ್ನು ನಡೆದದ್ದು ನಡೆದ ಹಾಗೆ ಹೇಳಿಬಿಡುತ್ತೇನೆ, ನೀವೇ ತೂಗಿ ನೋಡಿ.

ಕೊಟ್ಟೂರಿನಲ್ಲಿ ನನ್ನದೊಂದು ಸಣ್ಣ ಪ್ರೆಸ್ಸು. ಮದುವೆ ಪತ್ರಿಕೆಯಿಂದ ಹಿಡಿದು ಎಲ್ಲ ಪಕ್ಷಗಳ ಕರಪತ್ರದವರೆಗೆ ಅಚ್ಚು ಹಾಕಿದ್ದೇನೆ. ರಾಜಕೀಯವೆಂದರೆ ನನಗೆ ಊಟಕ್ಕಿಂತ ಹೆಚ್ಚು. ಕೊಲ್ಲಿ ಯುದ್ಧ ಬಹಳ ದಿನ ನಡೆಯುವುದಿಲ್ಲ ಎಂದಿದ್ದೆ, ನಡೆಯಲಿಲ್ಲ. ರಷ್ಯಾ ಒಡೆಯುತ್ತದೆ ಎಂದಿದ್ದೆ, ಒಡೆಯಿತು. ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ಯಾರೇ ಪ್ರೆಸ್ಸಿಗೆ ಬಂದರೂ ದೆಹಲಿಯಲ್ಲಿ ಮುಂದೇನು ಎಂದು ನನ್ನನ್ನು ಕೇಳದೆ ಹೋಗುತ್ತಿರಲಿಲ್ಲ. ಪೇಪರ್ ಓದಿ, ರೇಡಿಯೋ ಕೇಳಿ, ಕೂಡಿ ಕಳೆದು ಹೇಳುತ್ತಿದ್ದೆ. ನನ್ನ ತಲೆಯ ಮೇಲೆ ನನಗೆ ಜಂಬವಿತ್ತು, ಈಗಲೂ ಇದೆ.

ಹಡಗಲಿ ಸೀಮೆಯ ಜಾತ್ರೆಯಲ್ಲಿ ವರ್ಷಕ್ಕೊಮ್ಮೆ ದೇವರ ಸೇವೆಯ ಗೊರವಯ್ಯ ಎತ್ತರದ ಬಿಲ್ಲೇರಿ 'ಸದ್ದಲೇ' ಎಂದು ಕೂಗುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆ ಕೂಗಿಗೆ ಲಕ್ಷ ಜನ ಗಪ್‌ಚಿಪ್ ಆಗುತ್ತಾರೆ. ಅವನು ಒಂದೇ ಒಂದು ಮಾತು ನುಡಿದು ಕೆಳಗೆ ಬೀಳುತ್ತಾನೆ. ಅದೇ ಕಾರ್ಣಿಕ. ಮಳೆ, ಬೆಳೆ, ಸರ್ಕಾರ ಎಲ್ಲವನ್ನೂ ಜನ ಅದರಲ್ಲೇ ಹುಡುಕುತ್ತಾರೆ. ನಾನು ಅದನ್ನು ಕೇಳಿ ನಕ್ಕವನು.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಹಲವು ಪಕ್ಷಗಳು ಕೂಡಿ ಮಾಡಿದ ಸರ್ಕಾರ ದೆಹಲಿಯಲ್ಲಿ ತೂಗಾಡುತ್ತಿತ್ತು. ಹಂಪಸಾಗರದಲ್ಲಿ ನಮ್ಮ ಹಾಲಮ್ಮತ್ತೆಯ ಹೊಲದಲ್ಲಿ ಜೋಳದ ರಾಶಿ ಪೂಜೆಗೆ ಹೋಗಿದ್ದೆ. ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ, ತಾಯಿಯಿಲ್ಲದ ನನ್ನನ್ನು ಎತ್ತಿ ಬೆಳೆಸಿದವಳು. ಅವಳು ಸುಳ್ಳಾಡಿದ್ದು ನಾನು ಕಂಡಿಲ್ಲ. ಸುಳ್ಳಾಡಿದ್ದಕ್ಕೆ ನನಗೆ ಬಾರಿಸಿದ್ದು ಮಾತ್ರ ಚೆನ್ನಾಗಿ ನೆನಪಿದೆ. ಮಧ್ಯಾಹ್ನ ಹೋಳಿಗೆ ಊಟವಾದ ಮೇಲೆ ಬೇವಿನ ನೆರಳಲ್ಲಿ ವಾದ ಶುರುವಾಯಿತು. ಸರ್ಕಾರ ಉಳಿಯುತ್ತದೋ ಬೀಳುತ್ತದೋ? ಅತ್ತೆಯ ಮಗ ಕೊಟ್ರೇಶ, ನನ್ನ ವಾರಿಗೆಯವನು, ಬೇಕೆಂದೇ ಕೆಣಕಿದ. "ಇಷ್ಟ್ಯಾಕ ಲೆಕ್ಕ ಹೇಳ್ತೀಲೇ? ಏರಿ ನಿಂತು ಒಂದು ಕಾರ್ಣಿಕ ಅಂದುಬಿಡು" ಎಂದ.

ರಾಶಿಯನ್ನು ಚೀಲಕ್ಕೆ ತುಂಬಿ ಮುಗಿಯುವ ತನಕ ಕಣದಲ್ಲಿ ಗಟ್ಟಿ ದನಿ ತೆಗೆಯಬಾರದೆಂಬುದು ಅತ್ತೆಯ ಮನೆಯ ಪದ್ಧತಿ. ಗೊತ್ತಿದ್ದೂ ನಾನು ಎತ್ತು ಹೊಡೆಯುವ ಬಾರಕೋಲು ಹಿಡಿದು ಗಾಡಿಯ ಮುಂದಿನ ಮರ, ಮೂಕಿ, ಏರಿದೆ. "ಸದ್ದಲೇ" ಎಂದು ಕೂಗಿದೆ. ಎಲ್ಲರೂ ಸುಮ್ಮನಾದರು. ಎತ್ತಿನ ಕೊರಳ ಗಂಟೆಯೂ ನಿಂತಿತು. ಆಗ ನಾನು, ಮೊದಲೇ ಯೋಚಿಸಿಟ್ಟಿದ್ದಂತೆ, "ಐದು ವರ್ಷ ಗಾಡಿ ನಡೆದೀತಲೇ ಪರಾಕ್" ಎಂದೆ. ಹೀಗೇ ಎಂದೆ. ಆ ಮಾತು ನನ್ನ ನಾಲಿಗೆಯ ಮೇಲೆ ಆಡಿದ್ದು ಇನ್ನೂ ನೆನಪಿದೆ.

ಯಾರೂ ನಗಲಿಲ್ಲ. ಕೊಟ್ರೇಶ ಕೈಯಲ್ಲಿದ್ದ ಎಲೆ ಅಡಿಕೆ ಬಾಯಿಗಿಡದೆ ನೋಡುತ್ತಾ ಕೂತ. ಅತ್ತೆ ಎದ್ದು ಬಂದು, ನಾನು ಇಳಿದ ಕೂಡಲೇ ನನ್ನ ಹಣೆಗೆ ವಿಭೂತಿ ಹಚ್ಚಿದಳು. ಪದ್ಧತಿ ಮುರಿದದ್ದಕ್ಕೆ ಬೇಜಾರಾಗಿದೆ ಎಂದುಕೊಂಡು ನಾನೂ ಮಾತು ಬೆಳೆಸದೆ ಸಂಜೆ ಬಸ್ಸಿಗೆ ಊರಿಗೆ ಬಂದೆ.

ಕೆಲವು ವಾರಗಳಲ್ಲಿ ಸರ್ಕಾರ ಬಿತ್ತು. ಒಂದೇ ಒಂದು ಮತದಿಂದ ಬಿತ್ತು. ನನ್ನ ಲೆಕ್ಕ ತಪ್ಪಿತಲ್ಲ ಎಂದು ಮುಖ ಸಣ್ಣದು ಮಾಡಿಕೊಂಡು ಕೂತಿದ್ದಾಗ ಕೊಟ್ರೇಶ ಮುಂಜಾನೆಯ ಬಸ್ಸಿಳಿದು ನೇರ ಪ್ರೆಸ್ಸಿಗೆ ಬಂದ. ಅಣಕಿಸಲು ಬಂದಿದ್ದಾನೆ ಅಂದುಕೊಂಡೆ. ಅವನು ಕೈಮುಗಿದ.

"ನೀ ಅಂದಂಗ ಆತಲ್ಲೋ. ಒಂದು ಕಾಳಿಗೆ ತಕ್ಕಡಿ ವಾಲೀತಲೇ ಪರಾಕ್ ಅಂದಿದ್ದಿ."

ನಾನು ಹಾಗೆ ಅಂದಿಲ್ಲ ಎಂದೆ. ಅಂದಿದ್ದೀಯ ಎಂದ. ಜಗಳವೇ ಆಯಿತು. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ಹಂಪಸಾಗರಕ್ಕೆ ಹೋಗಿ, ಅವತ್ತು ಕಣದಲ್ಲಿದ್ದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೇಳಿದೆ. ಎಲ್ಲರದೂ ಅದೇ ಮಾತು, ಅಕ್ಷರ ಆಚೀಚೆಯಿಲ್ಲ. ಕೊನೆಗೆ ಅತ್ತೆಯ ಮುಂದೆ ಕೂತೆ.

"ನಿನ್ನ ಬಾಯಾಗ ಬಂದದ್ದು ನಾ ಕೇಳೀನಿ. ನಿನಗ ನಾ ಯಾವಾಗರ ಸುಳ್ಳ ಹೇಳೀನೇನು?" ಎಂದಳು.

ಅಲ್ಲಿಗೆ ನಾನು ಸಿಕ್ಕಿಬಿದ್ದೆ. ನನ್ನ ನೆನಪು ನಿಜವಾದರೆ ಅತ್ತೆ ಸುಳ್ಳುಗಾರ್ತಿ. ಅತ್ತೆಯ ಮಾತು ನಿಜವಾದರೆ ನನ್ನ ತಲೆ ನನ್ನದಲ್ಲ. ಜೀವನದಲ್ಲಿ ನಾನು ಹೆಮ್ಮೆಪಟ್ಟಿದ್ದು ಇವೆರಡಕ್ಕೇ. ಯಾವುದನ್ನು ಬಿಡಲಿ? ಎಷ್ಟೋ ದಿನ ನೆಟ್ಟಗೆ ಊಟ ಸೇರಲಿಲ್ಲ.

ಸುದ್ದಿ ಮಾತ್ರ ಹಬ್ಬಿತು. ಚುನಾವಣೆಗೆ ನಿಂತವನೊಬ್ಬ ಹರಪನಹಳ್ಳಿಯಿಂದ ಶಾಲು, ಹಾರ ತಂದು, ತನ್ನ ಪರವಾಗಿ ಒಂದು ನುಡಿ ಆಡಬೇಕೆಂದ. ಕರಪತ್ರ ಬೇಕಾದರೆ ಅಚ್ಚು ಹಾಕಿಕೊಡುತ್ತೇನೆ, ಕಾರ್ಣಿಕ ನನ್ನ ಪ್ರೆಸ್ಸಿನಲ್ಲಿ ಸಿಗುವುದಿಲ್ಲ ಎಂದು ಶಾಲು ವಾಪಸು ಕೊಟ್ಟು ಕಳಿಸಿದೆ. ನಾನು ಹೇಳಿದ್ದು ತಪ್ಪಾಗಿತ್ತು ಎಂದೇ ಎಲ್ಲರಿಗೂ ಸಾರಿದೆ. ತನ್ನ ತಪ್ಪನ್ನು ಹೀಗೆ ಡಂಗುರ ಹೊಡೆದ ಭವಿಷ್ಯಗಾರ ನಮ್ಮ ಸೀಮೆಯಲ್ಲಿ ಇನ್ನೊಬ್ಬನಿಲ್ಲ. ಯಾರೂ ನಂಬಲಿಲ್ಲ, ಆ ಮಾತು ಬೇರೆ.

ಕೆಲವು ವರ್ಷಗಳ ಮೇಲೆ ಮತ್ತೊಂದು ದೊಡ್ಡ ಚುನಾವಣೆ ಬಂತು. ಅತ್ತೆಗೆ ವಯಸ್ಸಾಗಿತ್ತು, ಆದರೆ ಕಿವಿ ಕಣ್ಣು ಚುರುಕಾಗಿದ್ದವು. ಮನೆ ಕಟ್ಟೆಯ ಮೇಲೆ ನೆರೆಯ ಇಬ್ಬರು ಹೆಂಗಸರ ಜೊತೆ ಕೂತವಳು, "ಈ ಸಲ ಏನಂತೀಪಾ?" ಎಂದು ಕೇಳಿದಳು. ನಾನು ಬಿಡಿಸಿ ಬಿಡಿಸಿ, ಒಂದೊಂದೇ ಪದ ಎಣಿಸಿದಂತೆ ಹೇಳಿದೆ: "ಈಗ ಇದ್ದ ಸರ್ಕಾರನ ಮತ್ತ ಬರತೈತಿ ನೋಡತ್ತಿ."

ಅತ್ತೆ ತಲೆಯಾಡಿಸಿ ಹೆಂಗಸರ ಕಡೆ ತಿರುಗಿದಳು. "ಕೇಳಿದ್ರಿಲ್ಲ? ಈಗ ಇದ್ದದ್ದು ಹೋಗತೈತಂತ."

ಅವರಿಬ್ಬರೂ ಹೌದೆಂದು ಗೋಣು ಹಾಕಿದರು. ನಾನು ವಾದಿಸಲಿಲ್ಲ. ಆ ಸರ್ಕಾರ ಹೋಯಿತು.

ಅತ್ತೆ ಈಗಿಲ್ಲ. ಅವಳ ಮೇಲಿನ ಹೆಮ್ಮೆ ಒಂದು ಕಾಳಿನಷ್ಟೂ ಕಡಿಮೆಯಾಗಿಲ್ಲ, ನನ್ನ ಮೇಲಿನದೂ ಆಗಿಲ್ಲ. ಇಂದಿಗೂ ದೇಶದ್ದಾಗಲಿ ಪರದೇಶದ್ದಾಗಲಿ, ಯಾರಾದರೂ ಕೇಳಿದರೆ ಪ್ರೆಸ್ಸಿನ ಬಾಗಿಲಲ್ಲಿ ನಿಂತು ನನ್ನ ಲೆಕ್ಕ ಗಟ್ಟಿಯಾಗಿಯೇ ಹೇಳುತ್ತೇನೆ. ಹೇಳಿ ಮುಗಿಸಿದ ಮೇಲೆ ಮಾತ್ರ ಎದುರಿಗಿದ್ದವನ ಮುಖ ನೋಡಿ ಮೆಲ್ಲಗೆ ಕೇಳುತ್ತೇನೆ: "ನಾ ಈಗ ಏನಂದೆ?"