ಡಬ್ಬದಲ್ಲಿ ಹೆಚ್ಚಾದ ಸೀಮೆಎಣ್ಣೆ

ನೋಡ್ರಪ್ಪಾ, ಸೀಮೆಎಣ್ಣೆ ಕಡಿಮೆಯಾದರೆ ಕಳ್ಳತನ ಅನ್ನಬಹುದು, ಹೆಚ್ಚಾದರೆ ಏನನ್ನಬೇಕು? ಯುದ್ಧ ಬಂದ ಮೇಲೆ ನಮ್ಮೂರು ಮಧುರೆಯಲ್ಲಿ ರೇಷನ್ ಕಾರ್ಡಿಗೆ ಸಿಗುವುದೇ ಇಷ್ಟೇ ಇಷ್ಟು. ಅದಕ್ಕೇ ದಿನಾ ಡಬ್ಬಕ್ಕೆ ಕಡ್ಡಿ ಇಳಿಸಿ, ನೆನೆದಷ್ಟಕ್ಕೆ ಗೀರು ಹಾಕಿಡುತ್ತೇನೆ. ಇವತ್ತು ಬೆಳಿಗ್ಗೆ ನೋಡಿದರೆ ಎಣ್ಣೆ ನಿನ್ನೆಯ ಗೀರಿಗಿಂತ ಒಂದು ಬೆರಳು ಮೇಲಿದೆ!

ಯಾರೋ ಎಣ್ಣೆ ಕದ್ದು ನೀರು ಬೆರೆಸಿದ್ದಾರೆ. ಇನ್ನು ಲಾಂದ್ರ ಹತ್ತುವುದಿಲ್ಲ, ತಿಂಗಳೆಲ್ಲ ಕತ್ತಲೆ. ನೀರು ಎಷ್ಟಿದೆ ನೋಡೋಣವೆಂದು ಜಗಲಿಯಲ್ಲಿದ್ದ ಹೊಸ ಮಡಕೆಗೆ ಅಷ್ಟನ್ನೂ ಸುರಿದು, ಸೊಸೆ ಗೌರಮ್ಮನನ್ನು ಕೂಗಿದೆ.

"ಯಾರಮ್ಮಾ ಇದಕ್ಕೆ ನೀರು ಹುಯ್ದೋರು? ನಿಜ ಹೇಳ್ಬಿಡು!"

"ನೀರು ಯಾಕ್ ಹುಯ್ಲಿ ಮಾವ? ಮೂರು ದಿನದಿಂದ ಒಲೆ ಬೆಳಕಲ್ಲೇ ಅಡಿಗೆ ಮಾಡ್ತಿದೀನಿ. ಲಾಂದ್ರದಲ್ಲಿ ಮಿಕ್ಕಿದ್ದನ್ನ ನಿನ್ನೆ ರಾತ್ರಿ ಡಬ್ಬಕ್ಕೇ ಹುಯ್ದೆ."

"ಒಂದು ಮಾತು ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ, ಇಷ್ಟು ದಿನ ಯಾಕೆ ಸುಟ್ಟೆ ಅಂತ ಬಯ್ತಿದ್ರಿ."

ನಾನು ನಂಬಲಿಲ್ಲ. ಮಡಕೆಯೊಳಗೆ ಬಗ್ಗಿ ನೀರು ಹುಡುಕುತ್ತಾ ಕೂತೆ. ಅಷ್ಟರಲ್ಲಿ ನನ್ನ ಹೆಂಡತಿ ಓಡಿ ಬಂದಳು.

"ಅಯ್ಯೋ, ಹೊಸ ಮಡಕೆ ಕಣ್ರೀ ಅದು, ಎಣ್ಣೆ ಕುಡಿದ್ಬಿಡ್ತದೆ!"

ಮುಟ್ಟಿ ನೋಡಿದೆ. ಮಡಕೆಯ ಹೊರಮೈಯೆಲ್ಲಾ ಜಿಡ್ಡು. ಒಂದು ಹನಿ ನೀರೂ ಇರಲಿಲ್ಲ. ತಿರುಗಿ ಡಬ್ಬಕ್ಕೆ ಸುರಿದು ಅಳೆದರೆ ಬೆಳಿಗ್ಗೆ ಇದ್ದದ್ದಕ್ಕಿಂತ ಎರಡು ಬೆರಳು ಕಡಿಮೆ.

ಇವತ್ತಿನಿಂದ ಹೊತ್ತು ಮುಳುಗುವ ಮೊದಲೇ ಊಟ ಎಂದು ಅಪ್ಪಣೆ ಮಾಡಿದ್ದೇನೆ. ಮನೆಯಲ್ಲಿ ಒಬ್ಬರೂ ಯಾಕೆಂದು ಕೇಳಲಿಲ್ಲ. ಅದಕ್ಕೇ ನನಗೆ ಅನುಮಾನ, ಎಲ್ಲರೂ ಸೇರಿ ಮತ್ತೇನೋ ಮುಚ್ಚಿಡುತ್ತಿದ್ದಾರೆ.