ಫುಟ್‌ಬಾಲ್ ಟಿಕೆಟ್ಟಿನ ಅನುಕೂಲ ಶುಲ್ಕ

ಗೆಳೆಯರೇ, ನಮ್ಮಪ್ಪ ಇವತ್ತು ಫುಟ್‌ಬಾಲ್ ಟಿಕೆಟ್ ಮಾರುವವರ ಜೊತೆ ಜಗಳಕ್ಕೆ ನಿಂತುಬಿಟ್ಟರು.

ಭಾನುವಾರದ ಪಂದ್ಯಕ್ಕೆ ದೇವನಹಳ್ಳಿಯ ಮನೆಯಲ್ಲಿ ಕೂತೇ ಮೊಬೈಲಿನಲ್ಲಿ ನಮ್ಮಿಬ್ಬರಿಗೂ ಟಿಕೆಟ್ ಬುಕ್ ಮಾಡುತ್ತಿದ್ದೆ. ಒಂದಕ್ಕೆ ಇನ್ನೂರು. ದುಡ್ಡು ಕಟ್ಟುವ ಹೊತ್ತಿಗೆ ನಾನೂರು ಇದ್ದದ್ದು ನಾನೂರ ಎಪ್ಪತ್ತಾಗಿತ್ತು. ಅಪ್ಪ ಕನ್ನಡಕ ಏರಿಸಿ ಓದಿದರು: "ಅನುಕೂಲ ಶುಲ್ಕ."

"ಇದು ಅನುಕೂಲಸ್ಥರಿಗೆ ಹಾಕಿರೋದು ಕಣ್ಲಾ. ನಮಗ್ಯಾಕೆ? ತೆಗೆಸು."

"ತೆಗೆಸೋಕಾಗಲ್ಲಪ್ಪಾ" ಅಂದರೂ ಕೇಳಲಿಲ್ಲ. ಫೋನ್ ಕಿತ್ತುಕೊಂಡು, ಸ್ಪೀಕರ್ ಹಾಕಿ, ಸಹಾಯವಾಣಿಗೇ ಕರೆ ಮಾಡಿದರು.

"ನೋಡಮ್ಮಾ, ನಾವು ಅಷ್ಟೇನೂ ಅನುಕೂಲಸ್ಥರಲ್ಲ. ಏರ್‌ಪೋರ್ಟಿಗೆ ಹೋಗಿದ್ದು ಪಕ್ಕದೋರ ಹೊಲ, ನಮ್ದಲ್ಲ."

ಆ ಕಡೆಯ ಹುಡುಗಿ ಪಾಪ, "ಸರ್, ಅದು ಎಲ್ರಿಗೂ ಇರುತ್ತೆ" ಎಂದಳು.

"ಹಂಗಾದ್ರೆ ಕೌಂಟರ್‌ಗೇ ಬಂದು ತಗೋತೀವಿ ಬಿಡಮ್ಮಾ."

"ಕೌಂಟರ್ ಇಲ್ಲ ಸರ್. ಆನ್‌ಲೈನ್ ಮಾತ್ರ."

ಅಪ್ಪ ಫೋನನ್ನು ನನ್ನ ಕೈಗೆ ತುರುಕಿ "ಕಟ್ಟಿ ಸಾಯಿ" ಎಂದರು. ಕಟ್ಟಿದೆ.

ನನಗೆ ಹೆಣ್ಣು ಹುಡುಕುತ್ತಿರುವ ನೆಂಟರ ಗಮನಕ್ಕೆ: ಇಂದಿನಿಂದ ನಾವು ಅನುಕೂಲಸ್ಥರು. ರಸೀದಿ ಇದೆ.