ತಗಡಿನೊಳಗಿನ ಹೆಸರು

ಬೆಳಗಿನ ಆರು ಗಂಟೆ. ಪುಟ್ಟೇನಹಳ್ಳಿ ಕೆರೆಯ ಹಿಂದಿನ ಶೆಡ್ಡಿನಲ್ಲಿ ಮುರಿಗೆಪ್ಪ ಬಡಿಗೇರ ಅವರು ಹಳೆಯ ಕಾರೊಂದರ ಬಾಗಿಲನ್ನು ಬೆಂಚಿನ ಮೇಲೆ ಮಲಗಿಸಿ, ತಗಡು ಬಿಚ್ಚುತ್ತಿದ್ದಾರೆ. ಒಳಗೆ ತೇಗದ ಚೌಕಟ್ಟು. ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ, ಸದ್ದು ಬದಲಾದಲ್ಲಿ ಸೀಮೆಸುಣ್ಣದ ಗೆರೆ ಎಳೆಯುತ್ತಾರೆ.

“ಇಲ್ಲಿ ಕೊಳತೈತ್ರಿ. ಮಂದಿ ಬಣ್ಣ ನೋಡ್ತಾರ. ಕಟ್ಟಿಗಿ ಯಾರಿಗೂ ಕಾಣಂಗಿಲ್ಲ.”

ಒಂದು ಕಾಲದಲ್ಲಿ ಸಿರಿವಂತರ ಕಾರುಗಳಿಗೆ ಎಂಜಿನ್ನು, ಚಾಸಿ ಎನ್ನುವ ಅಡಿಗಟ್ಟು ಮಾತ್ರ ಕಾರ್ಖಾನೆಯಿಂದ ಬರುತ್ತಿತ್ತು. ಮೈಯನ್ನು ಕುಶಲಕರ್ಮಿಗಳು ಬೇರೆಯಾಗಿ, ಮರದ ಮೇಲೆ ತಗಡು ಹೊದಿಸಿ, ಕೈಯಿಂದಲೇ ಕಟ್ಟುತ್ತಿದ್ದರು. ಗಜೇಂದ್ರಗಡದಿಂದ ಬೆಂಗಳೂರಿಗೆ ಬಂದು ಮೂವತ್ತೊಂದು ವರ್ಷ ಕಳೆದ ಮುರಿಗೆಪ್ಪ ಮೊದಲು ಮಾಡುತ್ತಿದ್ದುದು ಕಿಟಕಿ, ಬಾಗಿಲು. ಈಗ ಅಂಥ ಹದಿನಾಲ್ಕು ಕಾರುಗಳ ಮರಗೆಲಸ ಅವರ ಕೈಯಲ್ಲಿ ಆಗಿದೆ. ಒಂದು ಬಾಗಿಲಿಗೆ ಹತ್ತು ದಿನ ಬೇಕು. ಮರದ ಧೂಳಿನಿಂದ ಕೆಮ್ಮು ಕಾಯಂ.

ಅತಿ ಚೆನ್ನಾಗಿ ಮಾಡಿದ ಕಾರು ಯಾವುದು ಎಂದರೆ ಅವರು ತಲೆ ತಗ್ಗಿಸುತ್ತಾರೆ. “ಚಲೋ ಮಾಡಿದ್ದು ಬಿಡ್ರಿ. ಕೆಟ್ಟದ್ದು ಮಾಡಿದ್ದು ಹೇಳ್ತೀನಿ.”

ಹೋದ ವರ್ಷ ಸಹಕಾರನಗರದ ವಿಶ್ವನಾಥ ಎಂಬವರು ತಮ್ಮ ಹಳೆಯ ಐಷಾರಾಮಿ ಕಾರನ್ನು ಮಾರಾಟಕ್ಕಿಟ್ಟರು. ‘ಲಂಡನ್ನಿನಲ್ಲಿ ಕಟ್ಟಿದ ಮೈ’ ಎಂದು ಜಾಹೀರಾತೂ ಕೊಟ್ಟರು. ಜೋತುಬಿದ್ದ ಹಿಂದಿನ ಬಾಗಿಲು ಸರಿಮಾಡಲು ಮುರಿಗೆಪ್ಪ ತಗಡು ಬಿಚ್ಚಿದಾಗ ಮರದ ಮೇಲೆ ಉಳಿಯಿಂದ ಕೊರೆದ ಕನ್ನಡ ಅಕ್ಷರಗಳು ಕಂಡವು: ಲಾಲ್ ಸಾಬ್ ಮೇಸ್ತ್ರಿ, ಬೆಂಗಳೂರು ದಂಡು, 1938.

ಖುಷಿಯಿಂದ ಕರೆದು ತೋರಿಸಿದರು. ವಿಶ್ವನಾಥರ ಮುಖ ಸಣ್ಣಗಾಯಿತು. “ಮುರಿಗೆಪ್ಪ, ಇದನ್ನ ಹತ್ತರಿ ಹೊಡೆದು ತೆಗೆದ್ಬಿಡಿ. ಲೋಕಲ್ ಬಾಡಿ ಅಂದ್ರೆ ಯಾರ್ ಕೊಳ್ತಾರೆ?”

ಮುರಿಗೆಪ್ಪ ಮರ ಹೆರೆಯುವ ಹತ್ತರಿ ಎತ್ತಿಕೊಂಡರು. ನಾಲ್ಕೇ ಎಳೆತ, ಹೆಸರು ಹೋಯಿತು.

ಮನೆಗೆ ಹೋಗಿ ಹೆಂಡತಿ ದಾನವ್ವನಿಗೆ ಹೇಳಿದಾಗ ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರಂತೆ. “ಓದಾಕ ಬರದಾಂವ ಅಳಿಸಿದ್ರ ಮಾತು ಬ್ಯಾರೆ. ನೀವು ಓದಿ ಅಳಿಸೀರಿ.”

ಮರುವಾರ ವಿದ್ಯಾರಣ್ಯಪುರದ ಸುಮಾ ಎಂಬ ನಿವೃತ್ತ ಶಿಕ್ಷಕಿ ಕಾರು ನೋಡಲು ಬಂದರು. ಬಾಗಿಲು ತೆರೆದು ಮುಚ್ಚಿ ನೋಡಿ, “ಲಂಡನ್ ಕೆಲಸಾನೇ ಅಲ್ವಾ?” ಎಂದು ಮುರಿಗೆಪ್ಪನವರನ್ನೇ ಕೇಳಿದರು. ಪಕ್ಕದಲ್ಲಿ ವಿಶ್ವನಾಥ. ಮುರಿಗೆಪ್ಪ ಹೌದೆಂದು ತಲೆ ಆಡಿಸಿದರು. ಸುಮಾ ಮೇಡಂ ಮುರಿಗೆಪ್ಪನವರ ಕೈ ಕುಲುಕಿದರು.

“ಆ ಕೈಯಿಂದ ಅವತ್ತು ಉಣ್ಣಾಕ ಆಗ್ಲಿಲ್ರಿ.”

ಮೂರನೆಯ ದಿನ ಬಸ್ಸು ಹತ್ತಿ ಸುಮಾ ಅವರ ಮನೆ ಹುಡುಕಿಕೊಂಡು ಹೋದರು. ಗೇಟಿನ ಬಳಿ ನಿಂತೇ ಎಲ್ಲ ಹೇಳಿದರು. ಸುಮಾ ಗೇಟಿನ ಅಗುಳಿ ತೆಗೆದು ಹೊರಗೆ ಬಂದರು.

“ನಮ್ಮೂರಲ್ಲೇ ಕಟ್ಟಿದ್ದು ಅಂತಿದ್ರೆ ಇನ್ನೂ ಆಸೆಪಟ್ಟು ತಗೊಳ್ತಿದ್ದೆ ಕಣ್ರೀ. ಈಗ ಗುರುತೇ ಇಲ್ವಲ್ಲ. ಅವತ್ತೇ ಯಾಕೆ ಹೇಳ್ಲಿಲ್ಲ?”

ಸುಮಾ ಕಾರು ಕೊಳ್ಳಲಿಲ್ಲ. ವಿಶ್ವನಾಥ ಮತ್ತೆ ಕೆಲಸಕ್ಕೆ ಕರೆದಿಲ್ಲ. ಜಾಹೀರಾತಿನಲ್ಲಿ ಲಂಡನ್ ಹಾಗೆಯೇ ಇದೆ. ಭಾನುವಾರಗಳಂದು ಮುರಿಗೆಪ್ಪ ಹಿಂದೆ ದಂಡು ಪ್ರದೇಶವಾಗಿದ್ದ ಶಿವಾಜಿನಗರದ ಹಳೆಯ ಗ್ಯಾರೇಜುಗಳಲ್ಲಿ ಲಾಲ್ ಸಾಬರ ಮನೆಯವರನ್ನು ವಿಚಾರಿಸುತ್ತಾ ತಿರುಗಿದ್ದಾರೆ. ಯಾರಿಗೂ ಗೊತ್ತಿಲ್ಲ.

“ಅವರ ಕಟ್ಟಿಗಿ ಬೆಸುಗಿ ಎಂಬತ್ತು ವರ್ಷ ಆದ್ರೂ ಒಂದು ಕೂದಲಷ್ಟು ಬಿಟ್ಟಿರ್ಲಿಲ್ರಿ. ನನಗ ಹಂಗ ಬರಂಗಿಲ್ಲ.”

ಪತ್ರಿಕೆಗೆಂದು ಫೋಟೊ ತೆಗೆಯಲು ಹೋದರೆ ಅಂಗೈ ಅಡ್ಡ ಹಿಡಿಯುತ್ತಾರೆ. “ನಂದು ಬ್ಯಾಡ್ರಿ. ಆ ಕಾರು ಕಟ್ಟಿದವರು ಲಾಲ್ ಸಾಬ್ ಅಂತ ಬರೀರಿ. ಅವರ ಮೊಮ್ಮಕ್ಕಳು ಯಾರರ ಓದಿದ್ರ ಇಲ್ಲಿಗೆ ಬರ್ಲಿ. ಅಳಿಸಿದಾಂವ ನಾನ ಅಂತ ಅವರ ಮುಂದ ಹೇಳ್ಬೇಕ್ರಿ.”